ಡಾಸ್-21ರಲ್ಲಿ 'ಸಿವಿಯರ್' ಬಂದಿದೆ, ನಾನು ನರ್ಸ್ ಆಗಬಹುದಾ ಮೇಡಂ?

ಪ್ರಶ್ನೆ: ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಎಸ್ಸಿ ನರ್ಸಿಂಗ್ ನಾಲ್ಕನೇ ಸೆಮಿಸ್ಟರ್ ಓದುತ್ತಿದ್ದೇನೆ. ಊರು ಸಿಂದಗಿ ಹತ್ತಿರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಐದು ವಾರದ ಹಿಂದೆ ಮೆಡಿಸಿನ್ ವಾರ್ಡಿನಲ್ಲಿ ನಾನು ನೋಡಿಕೊಳ್ಳುತ್ತಿದ್ದ ಅಜ್ಜಿ ತೀರಿಕೊಂಡರು. ಬಾಡಿ ಪ್ಯಾಕ್ ಮಾಡಲು ನನ್ನನ್ನೇ ನಿಲ್ಲಿಸಿದರು. ಅದು ಮುಗಿದು ಹತ್ತು ನಿಮಿಷಕ್ಕೆ ಪಕ್ಕದ ಬೆಡ್‌ಗೆ ಇಂಜೆಕ್ಷನ್ ಕೊಡಲು ಹೋದಾಗ ಕೈ ನಡುಗಿತು. ಇನ್‌ಚಾರ್ಜ್ ಸಿಸ್ಟರ್ ಪೇಷೆಂಟ್ ಮುಂದೆಯೇ ಬೈದರು. ಅವತ್ತಿನಿಂದ ಸಿರಿಂಜ್ ಹಿಡಿದರೆ ನಡುಕ. ನನ್ನ ಸರದಿಯನ್ನು ಗೆಳತಿಗೆ ಬಿಟ್ಟುಕೊಡುತ್ತಿದ್ದೇನೆ. ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಗುತ್ತದೆ. ಕಾರ ಹುಣ್ಣಿಮೆಗೆ ಊರಿಗೆ ಹೋದರೂ ಎತ್ತು ನೋಡಲು ಹೊರಗೆ ಬರಲಿಲ್ಲ, ಅವ್ವ ಮಾಡಿದ ಹೋಳಿಗೆ ಒಂದು ತುತ್ತೂ ಇಳಿಯಲಿಲ್ಲ. ಆ ಸಾವಿನ ವಾರದಲ್ಲೇ ಎಂ.ಎಸ್ಸಿ ಅಕ್ಕ ಒಬ್ಬರು ತಮ್ಮ ಥೀಸಿಸ್‌ಗೆ ಅಂತ ಡಾಸ್-21 ಅನ್ನುವ, ಖಿನ್ನತೆ-ಆತಂಕ-ಒತ್ತಡ ಅಳೆಯುವ ಪ್ರಶ್ನೆಗಳ ಫಾರ್ಮ್ ತುಂಬಿಸಿಕೊಂಡಿದ್ದರು. ನಾನೇ ನೆಟ್ ನೋಡಿ ಲೆಕ್ಕ ಹಾಕಿದೆ: ಖಿನ್ನತೆ 18, ಆತಂಕ 16, ಒತ್ತಡ 22. ಆತಂಕ 'ಸಿವಿಯರ್' (ತೀವ್ರ) ಅಂತ ತೋರಿಸಿತು. ರಾತ್ರಿ ಮಲಗುವಾಗ, ಬೆಳಿಗ್ಗೆ ಏಳದೇ ಇದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಡಾಕ್ಟರ ಹತ್ತಿರ ಹೋದರೆ ಕಾಲೇಜಿಗೆ ಗೊತ್ತಾಗುತ್ತದಾ? ಮುಂದೆ ನರ್ಸ್ ಆಗಿ ರಿಜಿಸ್ಟ್ರೇಷನ್ ಆಗಲು ತೊಂದರೆಯಾ? ಅಪ್ಪ ಸಾಲ ಮಾಡಿ ಓದಿಸುತ್ತಿದ್ದಾರೆ. ಬಿಟ್ಟುಬಿಡಲಾ?
– ಹೆಸರು ಬೇಡ

ಉತ್ತರ:

ತಂಗಿ, ನಾನು ಸೈಕಿಯಾಟ್ರಿಕ್ ನರ್ಸಿಂಗ್ ಕಲಿಸುವವಳು. ಕ್ಲಾಸಿನಲ್ಲಿ ಎಲ್ಲರನ್ನೂ ಏಕವಚನದಲ್ಲೇ ಕರೆಯುವುದು ರೂಢಿ, ನಿನ್ನನ್ನೂ ಹಾಗೇ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ನೀನು ಕೊನೆಯ ಕಡೆ ಬರೆದ ಒಂದು ಸಾಲನ್ನು ನಾನು ಮೊದಲು ಎತ್ತಿಕೊಳ್ಳುತ್ತೇನೆ. ಬೆಳಿಗ್ಗೆ ಏಳದೇ ಇದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ ಅಂದಿದ್ದೀಯ. ಅದನ್ನು ರಿಜಿಸ್ಟ್ರೇಷನ್ ಪ್ರಶ್ನೆಯ ಪಕ್ಕ ಸುಮ್ನೆ ಸೇರಿಸಿ ಬರೆದ ಹಾಗಿದೆ. ಆದರೆ ಪತ್ರದಲ್ಲಿ ಅದಕ್ಕಿಂತ ಮುಖ್ಯವಾದದ್ದು ಇಲ್ಲ. ಆದ್ದರಿಂದ ನೇರವಾಗಿ ಕೇಳುತ್ತೇನೆ. ಅದು ಬರೀ 'ಸಾಕಪ್ಪಾ' ಅನ್ನುವ ಸುಸ್ತೋ, ಇಲ್ಲಾ ಜೀವ ಕಳೆದುಕೊಳ್ಳಬೇಕು ಅಂತ ಯೋಚನೆಯೂ ಬರುತ್ತಿದೆಯೋ? ಹೇಗೆ, ಯಾವಾಗ ಅಂತ ಮನಸ್ಸು ಲೆಕ್ಕ ಹಾಕುತ್ತಿದೆಯೋ? ಹೌದು ಅಂತಾದರೆ ಈ ಉತ್ತರವನ್ನು ಪೂರ್ತಿ ಓದುತ್ತಾ ಕೂರಬೇಡ. ರೂಮ್‌ಮೇಟ್‌ನ ಎಬ್ಬಿಸು, ಹೇಳು, ಅವಳ ಜೊತೆ ಹತ್ತಿರದ ಆಸ್ಪತ್ರೆಯ ಕ್ಯಾಷುಯಾಲ್ಟಿಗೆ ಹೋಗು. ಅಲ್ಲ, ಬರೀ ಸುಸ್ತು ಅಂತಾದರೂ ಇವತ್ತೇ 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾಲ್ಕು ಗಂಟೆಗೆ ಎಚ್ಚರವಾಗಿ ಹಾಸ್ಟೆಲಿನ ಫ್ಯಾನ್ ನೋಡುತ್ತಾ ಮಲಗಿರುತ್ತೀಯಲ್ಲ, ಆ ಹೊತ್ತಿಗೂ ಅಲ್ಲಿ ಯಾರೋ ಫೋನ್ ಎತ್ತುತ್ತಾರೆ. ಇನ್ನೊಂದು ಮಾತು. ನಿನ್ನ ಹತ್ತಿರ ಮಾತ್ರೆ ಗೀತ್ರೆ ಇದ್ದರೆ ಸದ್ಯಕ್ಕೆ ರೂಮ್‌ಮೇಟ್ ಕೈಗೆ ಕೊಟ್ಟುಬಿಡು. ನಾವು ನರ್ಸುಗಳು ದಿನವಿಡೀ ಔಷಧಿ ಮಧ್ಯೆಯೇ ಇರುವವರು, ಅದಕ್ಕೆ ಈ ಎಚ್ಚರ ನಮಗೆ ಬೇರೆಯವರಿಗಿಂತ ಜಾಸ್ತಿ ಬೇಕು.

ಈಗ ನಿನ್ನನ್ನು ಹೆದರಿಸಿದ ಆ ನಂಬರುಗಳ ವಿಷಯ.

ಡಾಸ್-21 ಮಾಡಿದವರು ಆಸ್ಟ್ರೇಲಿಯಾದ ಲೋವಿಬಾಂಡ್ ಅಪ್ಪ-ಮಗ. 1995ರಲ್ಲಿ ಬಂತು. ಮೂಲದಲ್ಲಿ 42 ಪ್ರಶ್ನೆ, 21ರದ್ದು ಅದರ ಚಿಕ್ಕ ರೂಪ. ಮೂರು ಗುಂಪು, ಗುಂಪಿಗೆ ಏಳು ಪ್ರಶ್ನೆ, ಒಂದೊಂದಕ್ಕೂ 0ಯಿಂದ 3. ಕೂಡಿಸಿ ಎರಡರಿಂದ ಗುಣಿಸಬೇಕು. ನೀನು ಗುಣಿಸಿದ್ದೀಯ ಅಂತ ಅಂದುಕೊಂಡಿದ್ದೇನೆ, ಮೂರೂ ಸಮಸಂಖ್ಯೆ ಬಂದಿವೆ. ಆತಂಕದಲ್ಲಿ 15ರಿಂದ 19 'ಸಿವಿಯರ್', ಖಿನ್ನತೆಯಲ್ಲಿ 14ರಿಂದ 20 'ಮಾಡರೇಟ್' (ಮಧ್ಯಮ), ಒತ್ತಡದಲ್ಲಿ 19ರಿಂದ 25 'ಮಾಡರೇಟ್'. ಹಾಗಾಗಿ ನಿನ್ನ ಲೆಕ್ಕ ಸರಿಯಾಗಿಯೇ ಇದೆ. ಆದರೆ ಜ್ವರ, ನಾಡಿ, ಉಸಿರು ಬರೆಯುವ ಟಿಪಿಆರ್ ಚಾರ್ಟಿನಲ್ಲಿ 102 ಅಂತ ಬರೆದ ಮಾತ್ರಕ್ಕೆ ನೀನು ಪಕ್ಕದಲ್ಲಿ ಟೈಫಾಯ್ಡ್ ಅಂತ ಬರೆಯುತ್ತೀಯಾ? ಜ್ವರ ಇದೆ, ಯಾಕೆ ಅಂತ ನೋಡಬೇಕು, ಅಷ್ಟೇ. ಈ ಸ್ಕೋರೂ ಹಾಗೇ. ಅದು ಕಾಯಿಲೆಯ ಹೆಸರಲ್ಲ.

ಅದರಲ್ಲೂ ಆ ಫಾರ್ಮ್ ಕೇಳುವುದು ಹಿಂದಿನ ಒಂದು ವಾರದ ಬಗ್ಗೆ ಮಾತ್ರ. ನಿನ್ನ ಆ ವಾರ ಯಾವುದು? ಅಜ್ಜಿ ತೀರಿಕೊಂಡ ವಾರ. ಆ ವಾರದಲ್ಲಿ 'ಕೈ ನಡುಗುತ್ತಿತ್ತಾ' ಅಂತ ಕೇಳಿದರೆ ಯಾರಾದರೂ ಏನು ಗುರುತು ಹಾಕುತ್ತಾರೆ? ಆತಂಕದ ಏಳು ಪ್ರಶ್ನೆಗಳನ್ನು ಇನ್ನೊಮ್ಮೆ ನೋಡು: ಬಾಯಿ ಒಣಗುವುದು, ಉಸಿರು ಸಿಕ್ಕಿಕೊಂಡ ಹಾಗಾಗುವುದು, ನಡುಕ, ಎದೆ ಹೊಡೆದುಕೊಳ್ಳುವುದು, ಇಂಥವೇ ಜಾಸ್ತಿ. ಇವೆಲ್ಲಾ ಭಯದಿಂದಲೂ ಬರುತ್ತವೆ, ಹಸಿವಿನಿಂದಲೂ ಬರುತ್ತವೆ. ಮೆಸ್‌ನಲ್ಲಿ ತಿಂಡಿ ಎಂಟಕ್ಕೆ, ಪೋಸ್ಟಿಂಗ್ ಬಸ್ಸು ಏಳಕ್ಕೆ ಅನ್ನುವ ಹಾಸ್ಟೆಲುಗಳು ಎಷ್ಟಿಲ್ಲ! ಖಾಲಿ ಹೊಟ್ಟೆಗೆ ಎರಡು ಟೀ ಕುಡಿದು ಹತ್ತೂವರೆವರೆಗೆ ನಿಂತುಕೊಂಡರೆ ನನ್ನ ಕೈಯೂ ನಡುಗುತ್ತದೆ. ರಕ್ತ ಕಡಿಮೆ ಇದ್ದರೆ ಮೆಟ್ಟಿಲು ಹತ್ತಿದರೂ ಎದೆ ಬಡಿತ ಕೇಳಿಸುತ್ತದೆ, ಮತ್ತೆ ನಮ್ಮ ದೇಶದಲ್ಲಿ 15ರಿಂದ 49ರ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತದೆ. ನಿನ್ನ ಹಿಮೋಗ್ಲೋಬಿನ್ ಎಷ್ಟು ಅಂತ ನಿನಗೆ ಗೊತ್ತಾ? ಅಡ್ಮಿಷನ್ ಹೊತ್ತಿನ ಮೆಡಿಕಲ್‌ನಲ್ಲಿ ನೋಡಿದ್ದೇ ಕೊನೆ ಇರಬೇಕು.

ಇದಿಷ್ಟು ಸಮಾಧಾನದ ಮಾತು. ಇನ್ನೊಂದು ಕಡೆಯೂ ಇದೆ. ಡಾಸ್‌ನ ಖಿನ್ನತೆಯ ಏಳು ಪ್ರಶ್ನೆಗಳಲ್ಲಿ ನಿದ್ದೆ ಇಲ್ಲ, ಊಟ ಇಲ್ಲ, ಸಾಯಬೇಕು ಅನ್ನಿಸುತ್ತದಾ ಅನ್ನುವ ನೇರ ಪ್ರಶ್ನೆಯೂ ಇಲ್ಲ. ನಿನ್ನ ಪತ್ರದಲ್ಲಿ ನನಗೆ ಕಾಳಜಿಯಾದದ್ದು ಆ ಫಾರ್ಮ್ ಕೇಳದೇ ಇರುವ ಸಂಗತಿಗಳೇ. ಬೆಳಗಿನ ಜಾವದ ಎಚ್ಚರ. ಐದು ವಾರ ಆದರೂ ಇಳಿಯದ ಭಾರ. ಮುಖ್ಯವಾಗಿ ಆ ಕಾರ ಹುಣ್ಣಿಮೆ. ಬರೀ ವಾರ್ಡಿನ ಭಯ ಆಗಿದ್ದರೆ ಸಿಂದಗಿ ಬಸ್ಸು ಹತ್ತಿದ ಕೂಡಲೇ ಅರ್ಧ ಇಳಿಯಬೇಕಿತ್ತು, ಎತ್ತಿನ ಕೊಂಬಿಗೆ ಬಣ್ಣ ಬಳಿಯುವಾಗ ಹೊರಗೆ ಬರಬೇಕಿತ್ತು. ಊರಿಗೆ ಹೋದರೂ ಭಾರ ಜೊತೆಗೇ ಬಂದಿದೆ. ಆದ್ದರಿಂದ ನನ್ನ ಅಂದಾಜು ಹೀಗಿದೆ, ಡಾಕ್ಟರು ನೋಡಿ ಖಚಿತ ಮಾಡಲಿ: ನಿನ್ನಲ್ಲಿ ಎರಡು ಬೇರೆ ಬೇರೆ ವಿಷಯ ಸಿಕ್ಕಿಕೊಂಡಿವೆ. ಒಂದು, ವಾರ್ಡಿನಲ್ಲಿ ಆದ ಆಘಾತ ಮತ್ತು ಅದರಿಂದ ಬಂದ ಆತಂಕ. ಅದು ಕಾಯಿಲೆ ಅಲ್ಲ, ಆದರೆ ಹಾಗೇ ಬಿಟ್ಟರೆ ಬೆಳೆಯುತ್ತದೆ. ಇನ್ನೊಂದು, ಅದರ ಬೆನ್ನಿಗೆ ಖಿನ್ನತೆ ಶುರುವಾಗಿದೆ. ಇದಕ್ಕೆ ಚಿಕಿತ್ಸೆ ಬೇಕು. ಧೈರ್ಯ ಹೇಳಿದರೆ ಹೋಗುವಂಥದ್ದಲ್ಲ.

ಫಾರ್ಮ್ ತುಂಬಿಸಿಕೊಂಡ ಆ ಅಕ್ಕನ ಬಗ್ಗೆಯೂ ಒಂದು ಮಾತು ಹೇಳದೇ ಇರಲಾರೆ. ನಮ್ಮ ರಾಜ್ಯದ ನರ್ಸಿಂಗ್ ವಿದ್ಯಾರ್ಥಿಗಳಷ್ಟು ಇಂಥ ಫಾರ್ಮ್ ತುಂಬಿದವರು ಬೇರೆ ಯಾರೂ ಇರಲಿಕ್ಕಿಲ್ಲ. ಎಂ.ಎಸ್ಸಿಯವರಿಗೆ ಸ್ಯಾಂಪಲ್ ಬೇಕು, ಜೂನಿಯರ್‌ಗಳು ಕೈಗೆ ಸಿಗುತ್ತಾರೆ. ನಾನೂ ಎಂ.ಎಸ್ಸಿ ಮಾಡುವಾಗ ಒಂದು ಮಧ್ಯಾಹ್ನ ಎರಡನೇ ವರ್ಷದ ಕ್ಲಾಸಿಗೆ ಹೋಗಿ ಹಾಳೆ ಹಂಚಿದ್ದೆ. ಸಂಜೆ ಎಣಿಸುವಾಗ ನಾಲ್ಕೈದು ಹಾಳೆಗಳಲ್ಲಿ ತುಂಬಾ ಜಾಸ್ತಿ ಸ್ಕೋರ್ ಇತ್ತು. ಹೆಸರು ಬರೆಸಿರಲಿಲ್ಲ, ಯಾರದ್ದು ಅಂತ ಗೊತ್ತಿಲ್ಲ. ಕೋಷ್ಟಕ ಮಾಡಿದೆ, ಶೇಕಡಾ ಹಾಕಿದೆ, ಪಾಸಾದೆ. ಆ ಹುಡುಗಿಯರು ಏನಾದರು ಅಂತ ಇವತ್ತಿಗೂ ಗೊತ್ತಿಲ್ಲ. ಈಗ ನನ್ನ ಹತ್ತಿರ ಥೀಸಿಸ್ ಮಾಡುವವರಿಗೆ ಒಂದು ಷರತ್ತು ಹಾಕುತ್ತೇನೆ: ಫಾರ್ಮ್‌ನ ಕೆಳಗೆ, ಇಷ್ಟಕ್ಕಿಂತ ಜಾಸ್ತಿ ಬಂದರೆ ಎಲ್ಲಿಗೆ ಹೋಗಬೇಕು ಅಂತ ಹರಿದುಕೊಳ್ಳುವ ಒಂದು ಚೀಟಿ ಇರಲೇಬೇಕು. ನಿನಗೆ ಅಂಥ ಚೀಟಿ ಯಾರೂ ಕೊಡಲಿಲ್ಲ. ಅದು ನಿನ್ನ ತಪ್ಪಲ್ಲ.

ಅಜ್ಜಿಯ ವಿಷಯಕ್ಕೆ ಬರೋಣ. ನಿನಗೆ ಇಪ್ಪತ್ತು ವರ್ಷ ಇರಬಹುದು. ಬೇರೆ ಡಿಗ್ರಿ ಓದುವ ನಿನ್ನ ವಯಸ್ಸಿನವರು ಕ್ಯಾಂಟೀನ್‌ನಲ್ಲಿ ಕೂತಿರುವ ಹೊತ್ತಿನಲ್ಲಿ ನೀನು, ನಿನ್ನೆ ತನಕ ಬಾಯಿಗೆ ಗಂಜಿ ಹಾಕಿದ ಮನುಷ್ಯರ ಗದ್ದಕ್ಕೆ ಬ್ಯಾಂಡೇಜ್ ಕಟ್ಟಿದ್ದೀಯ, ಕಾಲಿನ ಹೆಬ್ಬೆರಳು ಎರಡನ್ನೂ ಸೇರಿಸಿ ಕಟ್ಟಿದ್ದೀಯ, ಕೈಗೆ ಹೆಸರಿನ ಚೀಟಿ ಕಟ್ಟಿದ್ದೀಯ. ಆಮೇಲೆ ಕೈ ತೊಳೆದು, ಹತ್ತು ನಿಮಿಷದಲ್ಲಿ ಟ್ರೇ ಹಿಡಿದು ಪಕ್ಕದ ಬೆಡ್‌ಗೆ. ಕೈ ನಡುಗದೇ ಇದ್ದಿದ್ದರೆ ನಾನು ಅದಕ್ಕೆ ಗಾಬರಿ ಬೀಳುತ್ತಿದ್ದೆ.

ನನ್ನ ಮೊದಲ ಸಾವು ಒಬ್ಬ ಹುಡುಗನದ್ದು, ಹಾವು ಕಚ್ಚಿ ಬಂದವನು. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ನಾನು ಗೋಡೆ ಹಿಡಿದು ನಿಂತಿದ್ದೆ. ಅಲ್ಲಿನ ಸಿಸ್ಟರ್, 'ಅಳೋದಾದ್ರೆ ಬಾತ್‌ರೂಮಲ್ಲಿ ಅತ್ತು ಬೇಗ ಬಾ, ಎಂಟನೇ ಬೆಡ್ ಡ್ರಿಪ್ ಮುಗೀತಿದೆ' ಅಂದರು. ಕೆಟ್ಟವರಲ್ಲ ಅವರು. ಅವರಿಗೂ ಯಾರೋ ಹಾಗೇ ಹೇಳಿದ್ದರು, ಅಷ್ಟೇ. ಹತ್ತು ವರ್ಷ ಆದ ಮೇಲೆ ನಾನೂ ಒಬ್ಬ ವಿದ್ಯಾರ್ಥಿನಿಗೆ ಹೆಚ್ಚು ಕಡಿಮೆ ಅದೇ ಮಾತು ಅಂದೆ. ಅಂದ ಮೇಲೆ ನನಗೇ ಕೇಳಿಸಿತು.

ಇದರ ಬಗ್ಗೆ ಹಳೆಯದೊಂದು ಅಧ್ಯಯನ ಇದೆ, ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ. ಇಸಬೆಲ್ ಮೆಂಝೀಸ್ ಅಂತ ಮನೋವಿಶ್ಲೇಷಕಿ. ಲಂಡನ್ನಿನ ಒಂದು ದೊಡ್ಡ ಬೋಧನಾ ಆಸ್ಪತ್ರೆಯವರು, ನಮ್ಮ ನರ್ಸಿಂಗ್ ವಿದ್ಯಾರ್ಥಿಗಳ ತರಬೇತಿ ವ್ಯವಸ್ಥೆ ಕುಸಿಯುತ್ತಿದೆ, ಏನು ಮಾಡೋಣ ಅಂತ ಅವರನ್ನು ಕರೆಸಿದರು. 1960ರಲ್ಲಿ ಅವರ ವರದಿ ಬಂತು. ಅಲ್ಲಿ ಸುಮಾರು 700 ಜನ ನರ್ಸಿಂಗ್ ಸಿಬ್ಬಂದಿ, ಅದರಲ್ಲಿ ಪೂರ್ತಿ ತರಬೇತಿ ಆದವರು 150ರಷ್ಟು, ಮಿಕ್ಕವರೆಲ್ಲಾ ವಿದ್ಯಾರ್ಥಿಗಳೇ. ಮೂರರಲ್ಲಿ ಒಂದು ಪಾಲು ವಿದ್ಯಾರ್ಥಿಗಳು ಓದು ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು. ಮೆಂಝೀಸ್ ಕಂಡುಕೊಂಡದ್ದು ಏನು ಗೊತ್ತಾ? ಸಾವು ನೋವು ನೋಡಿ ಬರುವ ಆತಂಕವನ್ನು ಯಾರೂ ಬಾಯಿಬಿಟ್ಟು ಹೇಳಬಾರದು ಅಂತಲೇ ಇಡೀ ವ್ಯವಸ್ಥೆ ಕಟ್ಟಿಕೊಂಡಿದೆ. ರೋಗಿಗೆ ಹೆಸರಿಲ್ಲ, ಹತ್ತನೇ ಬೆಡ್ಡಿನ ಲಿವರ್. ಒಬ್ಬಳು ನರ್ಸ್ ಒಬ್ಬ ರೋಗಿಯನ್ನು ಪೂರ್ತಿ ನೋಡಿಕೊಳ್ಳುವ ಹಾಗಿಲ್ಲ, ಎಲ್ಲರಿಗೂ ಬಿಪಿ ಒಬ್ಬಳು, ಎಲ್ಲರಿಗೂ ಬೆಡ್‌ಪ್ಯಾನ್ ಇನ್ನೊಬ್ಬಳು. ವಾರ್ಡಿನಿಂದ ವಾರ್ಡಿಗೆ ಎತ್ತಿ ಹಾಕುತ್ತಾರೆ, ಮನಸ್ಸು ಹಚ್ಚಿಕೊಳ್ಳದ ಹಾಗೆ. ನಿದ್ದೆ ಮಾತ್ರೆ ಕೊಡುವ ಹೊತ್ತಾಯಿತು ಅಂತ ಮಲಗಿದ್ದ ರೋಗಿಯನ್ನೇ ಎಬ್ಬಿಸಿ ಮಾತ್ರೆ ಕೊಡುವವರೆಗೂ ಹೋಗಿತ್ತು ಅದು! ಇಷ್ಟೆಲ್ಲಾ ಮಾಡಿದರೂ ಆತಂಕ ಕಡಿಮೆ ಆಗಲಿಲ್ಲ. ಒಳಗೇ ಉಳಿಯಿತು. ನಿನ್ನ ವಾರ್ಡನ್ನು ನೆನೆಸಿಕೋ. 60 ವರ್ಷ ದಾಟಿದೆ, ದೇಶ ಬೇರೆ, ಆದರೂ ಗುರುತು ಸಿಗುತ್ತದೆ ಅಲ್ವಾ?

ಆದ್ದರಿಂದ ನಿನಗೆ ನಾನು ಹೇಳುವ ಮೊದಲ ಕೆಲಸ ತುಂಬಾ ಸಣ್ಣದು. ಆ ದಿನ ಏನಾಯಿತು ಅಂತ ಒಬ್ಬರಿಗೆ ಪೂರ್ತಿ ಹೇಳು. ಬೆಳಿಗ್ಗೆ ಅಜ್ಜಿ ಹೇಗಿದ್ದರು, ಏನು ಮಾತಾಡಿದರು, ಯಾವಾಗ ಉಸಿರು ಬದಲಾಯಿತು, ನೀನು ಎಲ್ಲಿ ನಿಂತಿದ್ದೆ, ಏನು ಮುಟ್ಟಿದೆ, ಎಲ್ಲಾ. ಸಲಹೆ ಕೊಡದೇ ಕೇಳುವವರು ಬೇಕು. ಕಾಲೇಜಿನಲ್ಲಿ ಒಬ್ಬರಾದರೂ ಅಂಥ ಟ್ಯೂಟರ್ ಇರುತ್ತಾರೆ, ನಿಮಗೆಲ್ಲಾ ಅದು ಯಾರು ಅಂತ ಗೊತ್ತಿರುತ್ತದೆ. ಕೇರ್ ಪ್ಲಾನ್ ತಿದ್ದುವಾಗ ಪೆನ್ನು ಕೆಳಗಿಟ್ಟು ಮುಖ ನೋಡುವವರು. ಅವರ ಹತ್ತಿರ ಹೋಗು. ಅವ್ವನಿಗೆ ಫೋನಿನಲ್ಲಿ ಹೇಳಿದರೂ ಆದೀತು. ಹಳ್ಳಿಯಲ್ಲಿ ಸಾವು ನೋಡಿದ ಹೆಂಗಸರಿಗೆ ಇದನ್ನು ಕೇಳುವ ಶಕ್ತಿ ಇರುತ್ತದೆ, ನಾವು ಸುಮ್ನೆ ಅವರನ್ನು ಕಡಿಮೆ ಅಂದುಕೊಳ್ಳುತ್ತೇವೆ.

'ಒಳ್ಳೆ ನರ್ಸ್ ಅಳಬಾರದು' ಅನ್ನುವವರು ಸಿಗುತ್ತಾರೆ. ಕಾಲೇಜಿನ ಲ್ಯಾಂಪ್ ಲೈಟಿಂಗ್ ಸಮಾರಂಭದ ದಿನ ಮೇಣದಬತ್ತಿ ಹಿಡಿದು ಪ್ರತಿಜ್ಞೆ ಓದಿದ್ದೀಯಲ್ಲ, ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನದ್ದು? ಅದನ್ನು ನೈಟಿಂಗೇಲ್ ಬರೆದದ್ದೇ ಅಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಅವರ ಸಮಿತಿ ಬರೆದದ್ದು. ನೈಟಿಂಗೇಲ್ ಕ್ರಿಮಿಯಾ ಯುದ್ಧದಿಂದ ವಾಪಸ್ ಬಂದ ಮರುವರ್ಷ, 1857ರಿಂದ, ಎಷ್ಟೋ ಕಾಲ ಕೋಣೆ ಬಿಟ್ಟು ಹೊರಗೆ ಬರಲಾಗದಷ್ಟು ಕಾಯಿಲೆ ಬಿದ್ದರು. ಮೈ ನೋವೂ ಇತ್ತು, ಮನಸ್ಸಿನ ಕುಗ್ಗುವಿಕೆಯೂ ಇತ್ತು. ದೀಪ ಹಿಡಿದ ಚಿತ್ರ ಮಾತ್ರ ನಮ್ಮ ಕಾಲೇಜಿನ ಗೋಡೆ ಮೇಲಿದೆ.

ಕೈ ನಡುಕಕ್ಕೆ ಬರುತ್ತೇನೆ, ಇದಕ್ಕೆ ನೇರ ಉಪಾಯ ಇದೆ. ಗೆಳತಿಗೆ ಸರದಿ ಬಿಟ್ಟುಕೊಡುತ್ತಿದ್ದೀಯಲ್ಲ, ಅದನ್ನು ನಿಲ್ಲಿಸಬೇಕು. ಬಿಟ್ಟುಕೊಟ್ಟ ಕ್ಷಣ ಹಾಯ್ ಅನ್ನಿಸುತ್ತದೆ, ಆ ಹಾಯ್ ಅನ್ನಿಸುವುದೇ ಭಯಕ್ಕೆ ಗೊಬ್ಬರ. 'ತಪ್ಪಿಸಿಕೊಂಡೆ, ಅದಕ್ಕೇ ಬದುಕಿದೆ' ಅಂತ ಮಿದುಳು ಪಾಠ ಕಲಿಯುತ್ತದೆ. ಹಾಗಂತ ನಾಳೆಯೇ ಐವಿ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕು ಅಂತಲೂ ನಾನು ಹೇಳುವುದಿಲ್ಲ. ಮೆಟ್ಟಿಲು ಮಾಡಿಕೋ. ಮೂರು ದಿನ ಔಷಧಿ ಲೋಡ್ ಮಾಡುವುದಷ್ಟೇ, ಚುಚ್ಚುವುದು ಗೆಳತಿ. ಆಮೇಲೆ ಸ್ಕಿಲ್ ಲ್ಯಾಬಿನ ಮ್ಯಾನಿಕಿನ್ (ಅಭ್ಯಾಸದ ಬೊಂಬೆ) ಮೇಲೆ, ಬೇಜಾರು ಬರುವಷ್ಟು ಸಲ. ಆಮೇಲೆ ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ನಿಂತಿರುವಾಗ ಒಂದು ಐಎಂ, ಅಂದರೆ ಸ್ನಾಯುವಿಗೆ ಕೊಡುವ ಇಂಜೆಕ್ಷನ್, ಸೊಂಟ ಅಗಲ ಇರುವ, ನಗುನಗುತ್ತಾ ಮಾತಾಡುವ ಪೇಷೆಂಟ್‌ನ ಆರಿಸಿಕೊಂಡು. ಐವಿ ಕೊನೆಗೆ. ಇನ್‌ಸ್ಟ್ರಕ್ಟರ್‌ಗೆ ಮೊದಲೇ ಹೇಳು: 'ಮೇಡಂ, ಕೈ ನಡುಗುತ್ತೆ, ನೀವು ಪಕ್ಕ ನಿಂತರೆ ಮಾಡ್ತೀನಿ.' ಹತ್ತರಲ್ಲಿ ಏಳು ಜನ ನಿಲ್ಲುತ್ತಾರೆ. ಮಿಕ್ಕ ಮೂವರ ವಿಷಯ ಬಿಡು.

ಕೈಯ ಲೆಕ್ಕಾಚಾರವೂ ಇದೆ. ಗಾಳಿಯಲ್ಲಿ ಹಿಡಿದ ಕೈ ನಡುಗಿದ ಹಾಗೆ ಊರಿದ ಕೈ ನಡುಗುವುದಿಲ್ಲ. ಕಿರುಬೆರಳಿನ ಕಡೆಯ ಅಂಚನ್ನು ಪೇಷೆಂಟ್ ಮೈ ಮೇಲೆ ಊರಿ ಆಮೇಲೆ ಸಿರಿಂಜ್ ತಾ. ಟ್ರೇ ಎತ್ತುವ ಮುಂಚೆ ನರ್ಸಿಂಗ್ ಸ್ಟೇಷನ್‌ನಲ್ಲೇ ನಿಂತು ಉಸಿರು ಒಳಗೆ ನಾಲ್ಕು ಎಣಿಕೆ, ಹೊರಗೆ ಆರು ಎಣಿಕೆ, ಹೀಗೆ ಎಂಟು ಹತ್ತು ಸಲ. ಹೊರಗೆ ಬಿಡುವ ಉಸಿರು ಉದ್ದ ಇರಬೇಕು, ಎದೆ ಬಡಿತ ಇಳಿಯುವುದು ಆಗಲೇ. ಅದಕ್ಕೂ ಮುಂಚೆ ಬ್ಯಾಗಿನಲ್ಲಿ ಒಂದು ಬಾಳೆಹಣ್ಣೋ ಶೇಂಗಾ ಚಿಕ್ಕಿಯೋ ಇಟ್ಟುಕೊಂಡಿರು, ಹೊಟ್ಟೆಗೆ ಹಾಕಿಕೋ.

ಸೀನಿಯರ್‌ಗಳು 'ವೈವಾ ಮುಂಚೆ ಇದೊಂದು ನುಂಗು, ನಡುಕ ಹೋಗುತ್ತೆ' ಅಂತ ಎದೆ ಬಡಿತ ಇಳಿಸುವ ಪ್ರೊಪ್ರನೊಲಾಲ್ ಮಾತ್ರೆ ಕೊಡುವುದು ಹಾಸ್ಟೆಲುಗಳಲ್ಲಿ ಇದ್ದದ್ದೇ. ನಡುಕ ಹೋಗುವುದು ನಿಜ. ಆದರೆ ಅಸ್ತಮಾ ಇರುವವರಿಗೆ ಅದು ಅಪಾಯ, ಬಿಪಿ ಮೊದಲೇ ಕಡಿಮೆ ಇರುವವರು ತಲೆ ಸುತ್ತಿ ಬೀಳುತ್ತಾರೆ. ಆತಂಕ ಇಳಿಸುವ ಆಲ್‌ಪ್ರಜೋಲಾಂ ಮಾತ್ರೆ ಅಂತೂ ಮುಟ್ಟಲೇಬೇಡ, ಅದು ಬೇಗ ಅಭ್ಯಾಸವಾಗುತ್ತದೆ. ಡಾಕ್ಟರು ಬರೆದುಕೊಟ್ಟರೆ ಬೇರೆ ಮಾತು.

ಬೈದ ಸಿಸ್ಟರ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಪೇಷೆಂಟ್ ಮುಂದೆ ವಿದ್ಯಾರ್ಥಿಯನ್ನು ಬೈಯುವುದರಿಂದ ಯಾರೂ ಗಟ್ಟಿ ಆಗುವುದಿಲ್ಲ. ಆಗುವುದು ಇಷ್ಟೇ: ನಾಳೆ ಡೋಸ್ ತಪ್ಪಿದರೆ ಆ ಹುಡುಗಿ ಹೇಳದೇ ಮುಚ್ಚಿಡುತ್ತಾಳೆ. ನಷ್ಟ ಪೇಷೆಂಟ್‌ಗೆ. ಮೂವತ್ತು ನಲವತ್ತು ಬೆಡ್ಡಿಗೆ ಇಬ್ಬರೇ ಸ್ಟಾಫ್ ಇರುವ ವಾರ್ಡಿನಲ್ಲಿ ಅವರ ತಾಳ್ಮೆ ಎಲ್ಲಿ ಹೋಗುತ್ತದೆ ಅಂತ ನನಗೂ ಗೊತ್ತು, ಆದರೂ. ಒಂದು ಸಲ ಬೈದದ್ದಾದರೆ ಬಿಟ್ಟುಬಿಡು. ದಿನಾ ನಡೆದರೆ ತಾರೀಕು ಸಮೇತ ಬರೆದಿಟ್ಟು ಕ್ಲಾಸ್ ಕೋಆರ್ಡಿನೇಟರ್‌ಗೆ ಕೊಡು, ಒಬ್ಬಳೇ ಹೋಗಬೇಡ, ಇಬ್ಬರು ಮೂವರು ಸೇರಿ ಹೋಗಿ.

ಕನ್ನಡ ಮೀಡಿಯಂ ಅಂತ ನೀನು ಒಂದೇ ಸಾಲು ಬರೆದು ಬಿಟ್ಟಿದ್ದೀಯ, ಆದರೆ ಅದರ ಭಾರ ನನಗೆ ಗೊತ್ತು. ಇಂಗ್ಲಿಷಿನಲ್ಲಿ ಪಾಠ, ಇಂಗ್ಲಿಷಿನಲ್ಲಿ ಕೇಸ್ ಪ್ರೆಸೆಂಟೇಷನ್, ರೂಮಿನಲ್ಲಿ ಪಕ್ಕದವರೆಲ್ಲಾ ಮಲಯಾಳಂ. ನೀನು ಎರಡು ಕಡೆಯೂ ಬಾಯಿ ಮುಚ್ಚಿಕೊಂಡಿರುತ್ತೀಯ. ಒಂದು ಸಂಗತಿ ಗಮನಿಸಿದ್ದೀಯಾ? ವಾರ್ಡಿನಲ್ಲಿ ಇದು ತಿರುವುಮುರುವು. ಅಜ್ಜಿಗೆ ಎಲ್ಲಿ ನೋವು, ಉರಿಯೋ ಸೆಳೆತವೋ, ರಾತ್ರಿ ನಿದ್ದೆ ಬಂತೋ ಅಂತ ಕೇಳಲು ನಿನ್ನ ಹಾಗೆ ಬರುವವರು ಆ ಬ್ಯಾಚಿನಲ್ಲಿ ಎಷ್ಟು ಜನ? ಕೊಟ್ಟಾಯಂನಿಂದ ಬಂದ ಹುಡುಗಿ ವಾರ್ಡಿನಲ್ಲಿ ನಿನ್ನಷ್ಟೇ ಒದ್ದಾಡುತ್ತಿರುತ್ತಾಳೆ. ಅವಳಿಗೆ ಹಿಸ್ಟರಿ ತೆಗೆಯಲು ನೀನು ಸಹಾಯ ಮಾಡು, ಪ್ರೆಸೆಂಟೇಷನ್ ಇಂಗ್ಲಿಷಿನಲ್ಲಿ ಕಟ್ಟಲು ಅವಳು ಸಹಾಯ ಮಾಡಲಿ. ನನ್ನ ಕ್ಲಾಸಿನಲ್ಲಿ ಹೀಗೆ ಜೋಡಿ ಮಾಡಿ ಕೂರಿಸುತ್ತೇನೆ. ಜಗಳವೂ ಆಗುತ್ತದೆ, ಕೆಲಸವೂ ಆಗುತ್ತದೆ.

ಇನ್ನು ಡಾಕ್ಟರು. ಎಲ್ಲಿಗೆ ಹೋಗುವುದು? ನಿನ್ನ ಕಾಲೇಜಿನ ಆಸ್ಪತ್ರೆಯ ಸೈಕಿಯಾಟ್ರಿ ಓಪಿಡಿಗೆ ಹೋಗಲು ಮುಜುಗರ ಆಗಬಹುದು. ಅಲ್ಲಿ ನಿನ್ನ ಸೀನಿಯರ್‌ಗಳೇ ಪೋಸ್ಟಿಂಗ್‌ನಲ್ಲಿ ಇರುತ್ತಾರೆ. ಹಾಗಾದರೆ ಬೇರೆ ಆಸ್ಪತ್ರೆ ಆರಿಸಿಕೋ. ಬೆಂಗಳೂರಿನಲ್ಲೇ ಇದ್ದೀಯ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ನಿಮ್ಹಾನ್ಸ್ ಅಂದ ಕೂಡಲೇ ಊರ ಕಡೆ 'ಹುಚ್ಚಾಸ್ಪತ್ರೆ' ಅಂತಾರೆ, ಗೊತ್ತು. ದಿನಾ ಅಲ್ಲಿ ಸಾಲಿನಲ್ಲಿ ಕೂತವರಲ್ಲಿ ತಲೆನೋವಿನವರು, ಫಿಟ್ಸ್‌ನವರು, ನಿದ್ದೆ ಬಾರದವರು, ನಿನ್ನ ಹಾಗೆ ಪರೀಕ್ಷೆ ಬರೆಯುವವರು ಎಲ್ಲರೂ ಇರುತ್ತಾರೆ. ರಜೆಗೆ ಊರಿಗೆ ಹೋದಾಗ ಮುಂದುವರಿಸಬೇಕು ಅಂದರೆ ತಾಲ್ಲೂಕು ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ಬಗ್ಗೆ ವಿಚಾರಿಸು.

ಅಲ್ಲಿ ಏನು ಮಾಡುತ್ತಾರೆ? ಕೂರಿಸಿ ಮಾತಾಡಿಸುತ್ತಾರೆ. ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಬಹುದು, ಅವರು ಹೇಳದಿದ್ದರೆ ನೀನೇ ಕೇಳು. ಥೈರಾಯ್ಡ್ ಕಡಿಮೆ ಇದ್ದರೆ ಖಿನ್ನತೆಯ ಹಾಗೇ ಕಾಣುತ್ತದೆ. ಮಾತಿನ ಚಿಕಿತ್ಸೆ ಹೇಳಬಹುದು, ಮಾತ್ರೆಯೂ ಕೊಡಬಹುದು. ಈ ಕಾಲದಲ್ಲಿ ಸಾಮಾನ್ಯವಾಗಿ ಬರೆಯುವುದು ಎಸ್ಸಿಟಲೋಪ್ರಾಂ, ಸರ್ಟ್ರಲೀನ್ ಇಂಥವು. ಅಭ್ಯಾಸ ಆಗುವ ಮಾತ್ರೆಗಳಲ್ಲ. ಆದರೆ ಪ್ಯಾರಾಸಿಟಮಾಲ್ ಥರ ಸಂಜೆಗೆ ಗುಣ ಕಾಣಿಸುವುದೂ ಇಲ್ಲ. ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ತಲೆನೋವು, ಕೆಲವರಿಗೆ ಚಡಪಡಿಕೆ ಜಾಸ್ತಿ ಆಗುವುದು ಉಂಟು. 25ರ ಒಳಗಿನವರಲ್ಲಿ ಶುರುವಿನ ವಾರಗಳಲ್ಲಿ ಸಾವಿನ ಯೋಚನೆ ಹೆಚ್ಚಾಗುತ್ತದಾ ಅಂತ ಗಮನ ಇಡಬೇಕು, ಹಾಗಾದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬಾರದು. ಅದಕ್ಕೇ ಒಬ್ಬ ಗೆಳತಿಗೆ ವಿಷಯ ಗೊತ್ತಿರಲಿ ಅನ್ನುವುದು. ಆರಾಮ ಅನ್ನಿಸಿದ ಕೂಡಲೇ ನಿಲ್ಲಿಸಬೇಡ, ಗುಣ ಆದ ಮೇಲೂ ಆರು ತಿಂಗಳಾದರೂ ಮುಂದುವರಿಸಿ, ಡಾಕ್ಟರು ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು. ಇದನ್ನೆಲ್ಲಾ ಪೇಷೆಂಟ್‌ಗೆ ಹೇಳಲು ಮುಂದಿನ ಸೆಮಿಸ್ಟರ್‌ನಲ್ಲಿ ಮೆಂಟಲ್ ಹೆಲ್ತ್ ನರ್ಸಿಂಗ್ ಪಾಠದಲ್ಲಿ ನೀನೇ ಕಲಿಯುತ್ತೀಯ, ಈಗ ಸ್ವಲ್ಪ ಬೇಗ ಬಂತು ಅಷ್ಟೇ.

ಕಾಲೇಜಿಗೆ ಗೊತ್ತಾಗುತ್ತದಾ? ನೀನು ಹೇಳದೇ ಡಾಕ್ಟರು ಹೇಳುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ, 2018ರ ಮೇ 29ರಿಂದ ಜಾರಿಯಲ್ಲಿದೆ, ಅದರ 23ನೇ ಸೆಕ್ಷನ್ ಗುಟ್ಟು ಕಾಪಾಡುವ ಹಕ್ಕು ಕೊಡುತ್ತದೆ. ಜೀವಕ್ಕೆ ಅಪಾಯ ಅನ್ನುವಂಥ ಕೆಲವು ಸಂದರ್ಭ ಮಾತ್ರ ಬೇರೆ. ರಿಜಿಸ್ಟ್ರೇಷನ್ ವಿಷಯಕ್ಕೆ, ಖಿನ್ನತೆಗೆ ಚಿಕಿತ್ಸೆ ತೆಗೆದುಕೊಂಡು ಗುಣವಾಗಿ ನರ್ಸ್ ಆದ ನನ್ನ ಹಳೆಯ ವಿದ್ಯಾರ್ಥಿಗಳು ಇವತ್ತು ಐಸಿಯುಗಳಲ್ಲಿ ಇದ್ದಾರೆ, ಗಲ್ಫ್‌ನಲ್ಲಿ ಇದ್ದಾರೆ. ಮಾತ್ರೆ ತೆಗೆದುಕೊಂಡಿದ್ದಕ್ಕೆ ರಿಜಿಸ್ಟ್ರೇಷನ್ ತಪ್ಪಿದ ಒಬ್ಬಳನ್ನೂ ನಾನು ನೋಡಿಲ್ಲ. ಚಿಕಿತ್ಸೆ ತೆಗೆದುಕೊಳ್ಳದೇ ಓದು ತಪ್ಪಿದವರನ್ನು ನೋಡಿದ್ದೇನೆ.

ಬಿಟ್ಟುಬಿಡಲಾ ಅಂದೆ. ಈಗ ಈ ನಿರ್ಧಾರ ಮಾಡಬೇಡ. ಹೋಳಿಗೆಯೂ ರುಚಿಸದ ಮನಸ್ಸಿಗೆ ನರ್ಸಿಂಗ್ ರುಚಿಸುತ್ತದಾ ಅಂತ ಕೇಳಿ ಏನು ಉಪಯೋಗ? ಎರಡು ಮೂರು ತಿಂಗಳು ಚಿಕಿತ್ಸೆ ಆಗಲಿ, ಆಮೇಲೂ ಬೇಡ ಅನ್ನಿಸಿದರೆ ಬಿಡುವುದರಲ್ಲಿ ಅವಮಾನ ಏನಿಲ್ಲ, ಅಪ್ಪನ ಹತ್ತಿರ ಕೂತು ಸಾಲದ ಲೆಕ್ಕ ಮಾತಾಡಬಹುದು. ಅಲ್ಲಿಯವರೆಗೆ ಹಾಜರಾತಿ ನೋಡಿಕೋ. ಪರೀಕ್ಷೆಗೆ ಕೂರಲು 80 ಪರ್ಸೆಂಟ್ ಬೇಕು, ಡಿಗ್ರಿ ಕೈಗೆ ಬರುವ ಮುಂಚೆ ಪ್ರಾಕ್ಟಿಕಲ್ 100 ಪರ್ಸೆಂಟ್ ಮುಗಿದಿರಬೇಕು. ಹಾಗಾಗಿ ಕೆಲವು ದಿನ ರಜೆ ಹಾಕಿದರೆ ಲೋಕ ಮುಳುಗುವುದಿಲ್ಲ, ತಪ್ಪಿದ ಪೋಸ್ಟಿಂಗ್ ಆಮೇಲೆ ಮಾಡಿಕೊಡಬೇಕಾಗುತ್ತದೆ. ಡಾಕ್ಟರು ವಿಶ್ರಾಂತಿ ಬೇಕು ಅಂದರೆ ಮೆಡಿಕಲ್ ಸರ್ಟಿಫಿಕೇಟ್ ತೆಗೆದುಕೊಂಡು ಪ್ರಿನ್ಸಿಪಾಲ್‌ಗೆ ಮೊದಲೇ ಕೊಡು, ಸುಮ್ನೆ ನಾಪತ್ತೆ ಆಗಬೇಡ. ನೈಟ್ ಪೋಸ್ಟಿಂಗ್ ಬಂದಿದ್ದರೆ ಸದ್ಯಕ್ಕೆ ಮುಂದೂಡಲು ಕೇಳು, ನಿದ್ದೆ ಮೊದಲೇ ಕೆಟ್ಟಿದೆ.

ಡಾಕ್ಟರ ಹತ್ತಿರ ಹೋಗುವ ಹಿಂದಿನ ರಾತ್ರಿ ಆ 21 ಪ್ರಶ್ನೆಗಳನ್ನು ಇನ್ನೊಮ್ಮೆ ತುಂಬಿಸು. ಈ ವಾರದ್ದು, ಸಾವಿನ ವಾರದ್ದಲ್ಲ. ಹಾಳೆಯ ಹಿಂದೆ ಫಾರ್ಮ್ ಕೇಳದೇ ಇರುವ ಮೂರು ವಿಷಯ ಬರೆದುಕೋ: ಎಷ್ಟು ಗಂಟೆಗೆ ಎಚ್ಚರ, ಏನು ಊಟ ಸೇರುತ್ತಿದೆ, ರಾತ್ರಿ ಏನು ಅನ್ನಿಸುತ್ತದೆ. ಬಾಯಲ್ಲಿ ಹೇಳಲು ಆಗದಿದ್ದರೆ ಹಾಳೆಯನ್ನೇ ಮೇಜಿನ ಮೇಲಿಡು. ಕಳೆದ ಸಲ ಅದನ್ನು ಯಾರೋ ಎಣಿಸಲು ಒಯ್ದರು. ಈ ಸಲ ನಿನ್ನನ್ನು ನೋಡುವವರ ಕೈಗೆ ಕೊಡು.